ಐದರಲ್ಲೊಂದು ಪಾಲು

ಹನ್ನೊಂದು ವರ್ಷಗಳ ಹಿಂದೆ, ಗ್ರೀನ್‌ಫರ್ಡಿನ ಬಸ್ಸೊಂದರ ಮೇಲಂತಸ್ತಿನಲ್ಲಿ ಕೂತು, ಇಂದು ಎಂಬಾಕೆ ತನ್ನ ಗಂಡ ಅಮರನಿಗೆ ಒಂದು ಮಾತು ಕೊಟ್ಟಿದ್ದಳು.

"ಜಗತ್ತೆಲ್ಲಾ ನಿಮ್ಮ ಮ್ಯಾಲೆ ಸಂಶೇ ಪಟ್ರೂ ನಾ ಪಡೂದಿಲ್ಲ. ಒಂದ ದಿನಾನೂ ಪಡೂದಿಲ್ಲ."

ಅಮರ ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ತಲೆಯಾಡಿಸಿದ್ದ. ನಾಲ್ಕು ವರ್ಷದ ವೇದಾ ಅವನ ತೊಡೆಯ ಮೇಲೆ ಬಾಯಿ ತೆರೆದು ನಿದ್ದೆಹೋಗಿದ್ದಳು. ಅದು ಭಾನುವಾರದ ಸಂಜೆ. ಅದೇ ತಾನೇ ಕನ್ನಡ ಸಭೆಯ ಆರಾಧನೆ ಮುಗಿಸಿ ಬಂದಿದ್ದರು.

ಕನ್ನಡ ಸಭೆ ಎಂದರೆ ದೊಡ್ಡದೇನಲ್ಲ. ಧಾರವಾಡ, ಗದಗ, ಹುಬ್ಬಳ್ಳಿ, ಮಂಗಳೂರು ಕಡೆಯ ಮೂವತ್ತು ನಲವತ್ತು ಕ್ರೈಸ್ತ ಮನೆಗಳು. ತಿಂಗಳ ಮೂರನೆಯ ಭಾನುವಾರ ಮಧ್ಯಾಹ್ನ ಇಂಗ್ಲಿಷರ ಚರ್ಚಿನ ಹಾಲ್ ಬಾಡಿಗೆಗೆ ಹಿಡಿದು ಪ್ರಾರ್ಥನೆ, ಹಾಡು, ಆಮೇಲೆ ಚಹಾ. ಅಲ್ಲಿನ ಅಡುಗೆಮನೆಯ ಮೂಲೆಯಲ್ಲಿ ಸಭೆಯದೇ ಒಂದು ಕಪಾಟಿತ್ತು. ಅದರೊಳಗೆ ಹಾಡಿನ ಪುಸ್ತಕಗಳು, ಬಿಳಿ ಮೇಜುಬಟ್ಟೆ, ಮತ್ತು ಪ್ರಭುಭೋಜನದಲ್ಲಿ, ಅಂದರೆ ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವಾಗ, ಕುಡಿಯುವ ಬೆಳ್ಳಿಯ ಪಾತ್ರೆ. ಸಭೆ ಶುರುವಾದಾಗ ಬೆಟಗೇರಿಯ ಹಿರಿಯರು ಕಳಿಸಿಕೊಟ್ಟದ್ದು. ಕಪಾಟಿನ ಕೀಲಿ ಅಮರನ ಹತ್ತಿರ ಇರುತ್ತಿತ್ತು.

ಒಂದು ತಿಂಗಳು ಕಪಾಟು ತೆರೆದರೆ ಪಾತ್ರೆ ಇಲ್ಲ.

ಯಾರು ಕೊನೆಗೆ ನೋಡಿದಿರಿ ಎಂದು ಅಯ್ಯನವರು, ಅಂದರೆ ಸಭೆಯ ಪಾದ್ರಿ, ಕೇಳಿದಾಗ ಎಲ್ಲರೂ ಮೇಲೆ ಕೆಳಗೆ ನೋಡಿದರು. ಆಗ ಜಯಶೀಲ ಎಂಬ ಮಂಗಳೂರಿನ ಹುಡುಗ, ಬಂದು ಆರು ತಿಂಗಳೂ ಆಗಿರದವನು, ಮೆಲ್ಲಗೆ ಹೇಳಿದ್ದ: "ನಾನು ಕೊನೆಗೆ ನೋಡಿದ್ದು ಅಮರಣ್ಣನ ಕೈಯಲ್ಲಿ. ಒರೆಸ್ತಾ ಇದ್ರು."

"ಕಪಾಟಿನ್ಯಾಗ ಇಟ್ಟಿರೇನು, ಅಮರ?" ಅಯ್ಯನವರು ಕೇಳಿದರು.

"ಇಟ್ಟೆ ಅನಸ್ತದ," ಎಂದ ಅಮರ.

ಅವನನ್ನು ಹಾಳು ಮಾಡಿದ್ದು ಆ 'ಅನಸ್ತದ'. ಇಟ್ಟೆ ಎಂದು ಗಟ್ಟಿಯಾಗಿ ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅಮರನ ಬಾಯಲ್ಲಿ ಖಾತ್ರಿಯಿಲ್ಲದ ಮಾತು ಹೊರಡುವುದಿಲ್ಲ. ಯಾರೂ ಏನೂ ಅನ್ನಲಿಲ್ಲ. ಕಳ್ಳ ಎನ್ನಲಿಲ್ಲ, ಪೊಲೀಸರು ಎನ್ನಲಿಲ್ಲ. ಮುಂದಿನ ತಿಂಗಳು ಹೋದರೆ ಕಪಾಟಿಗೆ ಹೊಸ ಬೀಗ ಬಿದ್ದಿತ್ತು, ಅಷ್ಟೇ. ಅಮರ ತನ್ನ ಕೈಯಲ್ಲಿದ್ದ ಹಳೆಯ ಕೀಲಿಯನ್ನು ನೋಡಿದ, ಕಿಸೆಗೆ ಹಾಕಿಕೊಂಡ, ಹೊರಗೆ ಹೋದ. ಬಸ್ಸಿನ ಮಾತು ಆ ದಿನದ್ದು.

ಅಂದಿನಿಂದ ಅಮರ ಹಾಲ್‌ನೊಳಗೆ ಕಾಲಿಟ್ಟಿಲ್ಲ. ಹೆಂಡತಿ ಮಗಳನ್ನು ತಪ್ಪದೆ ಕಾರಿನಲ್ಲಿ ಕರೆತರುತ್ತಾನೆ, ಪಾರ್ಕಿಂಗಿನಲ್ಲಿ ಕೂತು ರೇಡಿಯೊ ಕೇಳುತ್ತಾನೆ, ಆರಾಧನೆ ಮುಗಿದ ಮೇಲೆ ಕರೆದೊಯ್ಯುತ್ತಾನೆ. ಆಗ ಗೋದಾಮಿನಲ್ಲಿದ್ದವನು ಈಗ ಬಸ್ ಓಡಿಸುತ್ತಾನೆ. ಕೂತು ಕಾಯುವುದು ಅವನಿಗೆ ಕಷ್ಟವಲ್ಲ ಎಂದು ಸಭೆಯವರು ತಮಾಷೆ ಮಾಡುವುದುಂಟು. ಇಂದು ನಗುವುದಿಲ್ಲ.

ಈಗ ವೇದಾಳಿಗೆ ಹದಿನೈದು. ನವೆಂಬರಿನಲ್ಲಿ ಅವಳ ದೃಢೀಕರಣ: ಎಲ್ಲರೆದುರು ನಿಂತು ನಂಬಿಕೆಯನ್ನು ಹೇಳಿ, ಮೊದಲ ಸಲ ಪ್ರಭುಭೋಜನ ತೆಗೆದುಕೊಳ್ಳುವ ದಿನ. ತಾಯಿತಂದೆ ಎರಡೂ ಪಕ್ಕದಲ್ಲಿ ನಿಲ್ಲುವುದು ರೂಢಿ. ವೇದಾ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು. ಕನ್ನಡ ಅವಳಿಗೆ ಎಲ್ಲ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷು: "ನೋ ಡ್ಯಾಡ್, ನೋ ಮಿ." ಅಪ್ಪ ಒಳಗೆ ಬರದಿದ್ದರೆ ತಾನೂ ನಿಲ್ಲುವುದಿಲ್ಲ.

ಇಂದು ಗಂಡನಿಗೆ ಹೇಳಿನೋಡಿದಳು.

"ಆ ಕಪಾಟು ಇರೂ ಜಾಗಾದಾಗ ನಿಂತು ನಾ ಹ್ಯಾಂಗ ಕುಡೀಲಿ?" ಎಂದ ಅಮರ. ಸಿಟ್ಟಿರಲಿಲ್ಲ. ಬಸ್ಸಿನ ದಾರಿ ಬಂದ್ ಆಗಿದೆ ಎಂದು ಪ್ರಯಾಣಿಕರಿಗೆ ಹೇಳುವ ದನಿ ಅದು.

ಇದೆಲ್ಲದರ ನಡುವೆ ಜಯಶೀಲನ ಉಪಕಾರಗಳು.

ಅವನೀಗ ಹುಡುಗನಲ್ಲ. ಪಿನ್ನರಿನಲ್ಲಿ ಸ್ವಂತ ಮನೆ, ಕಂಪ್ಯೂಟರಿನ ದೊಡ್ಡ ಕೆಲಸ, ಹಣೆಯ ಮೇಲೆ ಕೂದಲು ಹಿಂದೆ ಸರಿದಿದೆ. ಎರಡು ವರ್ಷದಿಂದ ಅವನಿಗೆ ಇಂದುವಿನ ಮನೆಯ ಮೇಲೆ ಎಲ್ಲಿಲ್ಲದ ಅಕ್ಕರೆ. ಜನವರಿಯಲ್ಲಿ ಬಾಯ್ಲರ್ ಕೆಟ್ಟಾಗ ಯಾರೋ ಹೇಳಿದ್ದು ಕೇಳಿ ತಾನೇ ಒಬ್ಬನನ್ನು ಕರೆತಂದ. ವೇದಾಳಿಗೆ ಗಣಿತ ಹೇಳಿಕೊಡುತ್ತೇನೆ ಎಂದ. ಅಕ್ಟೋಬರಿನ ಬೆಳೆ ಹಬ್ಬದಲ್ಲಿ ಎಲ್ಲರೂ ತಮ್ಮ ಹಿತ್ತಲ ಕಾಯಿಪಲ್ಯ, ಕೈಯಾರೆ ಮಾಡಿದ ತಿಂಡಿ ತಂದು ದೇವರ ಮೇಜಿನ ಮುಂದೆ ಇಡುತ್ತಾರೆ. ಆರಾಧನೆಯ ನಂತರ ಅವನ್ನೆಲ್ಲ ಸವಾಲು ಕೂಗಿ ಹರಾಜಿನಲ್ಲಿ ಮಾರುತ್ತಾರೆ. ಎರಡು ವರ್ಷವೂ ಇಂದು ಇಟ್ಟ ಕುಂಬಳಕಾಯಿಗೆ ಕೊನೆಯ ಕೂಗು ಜಯಶೀಲನದೇ. ಕಾಯಿಯನ್ನು ಎದೆಗವಚಿಕೊಂಡು, ಯಾರ ಮುಖವನ್ನೂ ನೋಡದೆ ಹೋಗುತ್ತಿದ್ದ.

'ಅತಿ ವಿನಯಂ ಧೂರ್ತ ಲಕ್ಷಣಂ' ಎಂದು ಇಂದುವಿನ ಅಪ್ಪ ಹೇಳುತ್ತಿದ್ದರು. ಅವಳು ಕಿಂಗ್ಸ್‌ಬರಿಯ ವೃದ್ಧಾಶ್ರಮದಲ್ಲಿ ಹನ್ನೆರಡು ತಾಸಿನ ಪಾಳಿ ಮಾಡುವವಳು. ಅಲ್ಲಿ ವರ್ಷಕ್ಕೊಮ್ಮೆ ಬರುವ ಮಗ ತಂದ ಹೂವಿನ ಗುಚ್ಛ ಎಷ್ಟು ದೊಡ್ಡದು ಎಂದು ನೋಡಿಯೇ ಅವನು ಎಷ್ಟು ಬೇಗ ಎದ್ದು ಹೋಗುತ್ತಾನೆ ಎಂದು ಹೇಳಬಲ್ಲಳು. ಜಯಶೀಲನಿಗೆ ಸಭೆಯ ಹಿರಿಯನಾಗುವ ಆಸೆ ಇರಬೇಕು, ಮತ ಕೂಡಿಹಾಕುತ್ತಿದ್ದಾನೆ ಎಂದುಕೊಂಡಳು. ಆಮೇಲೆ ಹಿರಿಯರ ಚುನಾವಣೆ ಆಯಿತು. ಅವನು ನಿಲ್ಲಲೇ ಇಲ್ಲ. ಅದರಿಂದ ಅವಳ ಸಂಶಯ ಇನ್ನೂ ಹೆಚ್ಚಾಯಿತು. ಹಾಗಾದರೆ ಇವನಿಗೆ ಬೇಕಾದದ್ದೇನು?

ದೃಢೀಕರಣದ ಪಾಠ ಗುರುವಾರ ಸಂಜೆ ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿತ್ತು. ಸೆಪ್ಟೆಂಬರಿನಲ್ಲಿ ಅಯ್ಯನವರು ಯಾಜಕಕಾಂಡ ಹಿಡಿದರು, ಹಳೆಯ ಒಡಂಬಡಿಕೆಯ ಬಲಿಗಳ ಭಾಗ. ಇಂದು ಅಡುಗೆಮನೆಯಲ್ಲಿ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಾ ಕೇಳುತ್ತಿದ್ದಳು. ಉಳ್ಳವನು ಹೋರಿ ತರಬೇಕು, ಇಲ್ಲದವನು ಎರಡು ಪಾರಿವಾಳ, ಅದೂ ಇಲ್ಲದವನು ಒಂದಿಷ್ಟು ಹಿಟ್ಟು. ತಂದವನು ಪಶುವಿನ ತಲೆಯ ಮೇಲೆ ಕೈಯಿಡಬೇಕು.

"ದೇವರಿಗೆ ಮಾಂಸದ ಹಸಿವಿಲ್ಲವ್ವಾ," ಎನ್ನುತ್ತಿದ್ದರು ಅಯ್ಯನವರು. "ಇದು ನನ್ನ ತಪ್ಪು, ಇದರ ಬೆಲಿ ಇದು ಅಂತ ಮನುಷ್ಯಾ ಕೈಯಿಟ್ಟು ಒಪ್ಪಿಕೋಬೇಕು. ಮ್ಯಾಲೆ ಒಂದು ಮಾತು. ನೆರೆಯವನ ವಸ್ತು ಕಳೆದು ಸುಳ್ಳು ಹೇಳಿದ್ದರ, ಬರೇ ಟಗರು ತಂದರ ನಡಿಯೂದಿಲ್ಲ. ಮೊದಲು ವಸ್ತು ತಿರುಗಿ ಕೊಡಬೇಕು, ಅದರ ಐದರಲ್ಲೊಂದು ಪಾಲು ಹೆಚ್ಚು ಸೇರಿಸಿ ಕೊಡಬೇಕು. ಆಮ್ಯಾಲೆ ಟಗರು."

ವೇದಾ ಕೇಳಿದಳು: ಯೇಸು ಎಲ್ಲರಿಗಾಗಿ ಕೊನೆಯ ಬಲಿಯಾದ ಎನ್ನುತ್ತೀರಲ್ಲ, ಹಾಗಾದರೆ ನಾವೀಗ ಏನೂ ಕೊಡಬೇಕಾಗಿಲ್ಲವೇ?

ಅಯ್ಯನವರು ನಕ್ಕರು. "ಟಗರು ಬ್ಯಾಡ. ತಿರುಗಿ ಕೊಡೂದು ಬ್ಯಾಡ ಅಂತ ಯಾರೂ ಹೇಳಿಲ್ಲಲಾ."

"ಹೇಳೋರಿಗೆ ಬಾಯಿ ನೋಯೂದಿಲ್ಲ," ಎಂದು ಇಂದು ತನ್ನಷ್ಟಕ್ಕೇ ಗೊಣಗಿ, ಇಸ್ತ್ರಿ ಹಲಗೆಯನ್ನು ಮಡಚಿ, ಮೆಟ್ಟಿಲ ಕೆಳಗಿನ ಗೂಡಿಗೆ ತಳ್ಳಿದಳು. ಆ ಗೂಡಿನ ಬಾಗಿಲನ್ನು ಅವಳು ಯಾವಾಗಲೂ ಅವಸರದಲ್ಲಿ ಮುಚ್ಚುತ್ತಾಳೆ.

ಬೆಳೆ ಹಬ್ಬದ ಭಾನುವಾರ ಬಂತು. ಹಾಲ್‌ನ ಮೇಜಿನ ಮುಂದೆ ಹಾಗಲಕಾಯಿ, ಸೇಬು, ಕರ್ಚಿಕಾಯಿಯ ಡಬ್ಬಿ, ಯಾರದೋ ಮನೆಯ ಕರಿಬೇವಿನ ಕುಂಡ. ಇಂದು ತನ್ನ ಕುಂಬಳಕಾಯಿ ಇಟ್ಟು ಬಂದು ಕೂತಳು. ಆರಾಧನೆಯ ಕೊನೆಗೆ ಅಯ್ಯನವರು ಒಂದು ಪೆಟ್ಟಿಗೆ ಎತ್ತಿ ಹಿಡಿದರು.

"ಹೆಸರು ಹೇಳಬ್ಯಾಡ್ರಿ ಅಂದಾರ. ಒಬ್ಬ ಸಹೋದರ ಪ್ರಭುಭೋಜನಕ್ಕ ಹೊಸಾ ಪಾತ್ರೆ ಕೊಟ್ಟಾರ. ಮಂಗಳೂರಾಗ ಮಾಡಿಸಿದ್ದು. ಹಳೇದು ಐನೂರು ಗ್ರಾಮಿಂದಿತ್ತು, ನಮ್ಮ ದಫ್ತರದಾಗ ಬರದದ. ಇದು ಆರುನೂರು. ಇದರಾಗ ಮೊದಲು ಕುಡಿಯೋರು ನಮ್ಮ ದೃಢೀಕರಣದ ಮಕ್ಕಳು."

ಚಪ್ಪಾಳೆ ಬಿತ್ತು. ಯಾರೋ 'ಹಲ್ಲೆಲೂಯ' ಎಂದರು. ಬೆಳ್ಳಿ ಟ್ಯೂಬ್‌ಲೈಟಿಗೆ ಹೊಳೆಯಿತು.

ವೇದಾ ತಾಯಿಯ ಮೊಳಕೈಯನ್ನು ಹಿಂಡಿದಳು. ಕಿವಿಯ ಹತ್ತಿರ ಬಂದು ಇಂಗ್ಲಿಷಿನಲ್ಲಿ ಹೇಳಿದಳು: ಐನೂರರ ಐದನೇ ಒಂದು ನೂರು. ಸುಮ್ಮನೆ ದಾನ ಮಾಡುವವರು ಇಷ್ಟು ಲೆಕ್ಕವಿಟ್ಟು ಮಾಡುತ್ತಾರಾ, ಮಮ್?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇಂದು ಪಾತ್ರೆಯನ್ನು ನೋಡುವುದು ಬಿಟ್ಟು ಜನರನ್ನು ನೋಡಿದಳು. ಎಲ್ಲರ ಕತ್ತೂ ಮೇಜಿನ ಕಡೆಗೆ ಚಾಚಿತ್ತು. ಒಬ್ಬನ ಕತ್ತು ಮಾತ್ರ ಬಗ್ಗಿತ್ತು; ಜಯಶೀಲ ತನ್ನ ಬೂಟನ್ನು ನೋಡುತ್ತಿದ್ದ.

ಚಹಾದ ಬಿಡುವಿನಲ್ಲಿ ಜಯಶೀಲ ಅಡುಗೆಮನೆಯಲ್ಲಿ ಕಪ್ಪುಗಳನ್ನು ತೊಳೆಯುತ್ತಿದ್ದ. ಅದೂ ಅವನ ಉಪಕಾರಗಳಲ್ಲೊಂದು. ಇಂದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

"ಜಯಶೀಲ ಅವರ, ನೂರು ಗ್ರಾಂ ಹೆಚ್ಚಿಗಿ ಯಾಕ?"

"ಎಂತ ಇಂದಕ್ಕ?"

"ನನ್ನ ಮಗಳು ಗುರುವಾರದ ಪಾಠ ಕಲ್ತಾಳ. ನಾನೂ ಇಸ್ತ್ರಿ ಮಾಡ್ಕೋತ ಕೇಳೀನಿ."

ಅವನು ನಲ್ಲಿ ನಿಲ್ಲಿಸಿದ. ಕೈಯಲ್ಲಿದ್ದ ಕಪ್ಪನ್ನು ಎಲ್ಲಿಡಬೇಕೆಂದು ಗೊತ್ತಾಗದವನಂತೆ ಹಿಡಿದುಕೊಂಡು ನಿಂತ. ಆಮೇಲೆ ಹೇಳಿದ, ಹೇಳುವುದಕ್ಕೆ ಹನ್ನೊಂದು ವರ್ಷ ಅಭ್ಯಾಸ ಮಾಡಿದಂತೆ, ಎಲ್ಲೂ ತಡವರಿಸದೆ ಹೇಳಿದ. ಆ ದಿನ ಅಮರ ಪಾತ್ರೆ ಒರೆಸಿ ಇಲ್ಲೇ ಈ ಕಟ್ಟೆಯ ಮೇಲೆ ಇಟ್ಟಿದ್ದ. ವೇದಾ ಎಲ್ಲೋ ಬಿದ್ದು ಅತ್ತಳೆಂದು ಓಡಿಹೋದ. ತಿರುಗಿ ಬಂದು ಕಪಾಟಿಗೆ ಬೀಗ ಹಾಕಿಕೊಂಡು ಹೋದ, ಪಾತ್ರೆ ಕಟ್ಟೆಯ ಮೇಲೇ ಉಳಿಯಿತು. ಜಯಶೀಲ ಅದನ್ನು ಕಂಡ. ಹಬ್ಬ ಹತ್ತಿರ ಬಂತು, ಹೊಳಪು ಕೊಟ್ಟು ತಂದರೆ ಹಿರಿಯರಿಗೆ ಸಂತೋಷವಾದೀತು ಎಂದು ಕ್ಯಾರಿಬ್ಯಾಗಿನಲ್ಲಿ ಹಾಕಿಕೊಂಡ. ಸೆಂಟ್ರಲ್ ಲೈನಿನ ರೈಲಿನಲ್ಲಿ ನಿದ್ದೆ ಹತ್ತಿತು. ತನ್ನ ಸ್ಟೇಷನ್ ಬಂದಾಗ ದಡಬಡಿಸಿ ಇಳಿದ. ಬ್ಯಾಗು ಇಳಿಯಲಿಲ್ಲ.

"ಕಳೆದದ್ದು ಬೇಕಂತ ಅಲ್ಲ. ದೇವರಾಣೆ," ಎಂದ.

"ಕಳದದ್ದಕ್ಕ ಯಾರು ಕೇಳಿದ್ರು? ಹೇಳಿದ್ದಕ್ಕ ಕೇಳಾಕತ್ತೀನಿ."

"ನಾನು ಹೇಳಿದ್ದು ಸುಳ್ಳಲ್ಲ ಅಲ್ವಾ ಅಕ್ಕ. ಅಮರಣ್ಣನ ಕೈಯಲ್ಲಿ ನೋಡಿದ್ದು ಹೌದು. ಅಷ್ಟೇ ಹೇಳಿದೆ. ಉಳಿದದ್ದು ಅವರವರೇ ತಿಳ್ಕೊಂಡ್ರು." ಅವನು ತೋಳಿನಿಂದ ಕಣ್ಣು ಒರೆಸಿಕೊಂಡ. "ಆ ಮಾತನ್ನೇ ನಾನು ರಾತ್ರಿ ರಾತ್ರಿ ತಿರುಗಿಸಿ ನೋಡ್ತೇನೆ. ಎಲ್ಲಿಂದ ನೋಡಿದ್ರೂ ಸತ್ಯವೇ. ಅದಕ್ಕೇ ಹೆಚ್ಚು ಹೆದರಿಕೆ ಆಗ್ತದೆ."

ಇಂದು ಇಷ್ಟು ವರ್ಷ ಈ ಗಳಿಗೆಯನ್ನು ಎಷ್ಟು ಬಗೆಯಲ್ಲಿ ಕಲ್ಪಿಸಿಕೊಂಡಿದ್ದಳೋ. ಕಪಾಳಕ್ಕೆ ಹೊಡೆಯುವುದು, ಹಾಲ್‌ನ ಮಧ್ಯೆ ಎಳೆದು ನಿಲ್ಲಿಸುವುದು. ಈಗ ಕೈ ಏಳಲಿಲ್ಲ. ಬದಲಿಗೆ ಸಂಶಯವೇ ಎದ್ದಿತು. ಇದೂ ಒಂದು ಲೆಕ್ಕವಿರಬಹುದು, ಪಾತ್ರೆಯ ಹಾಗೆ ಗ್ರಾಂ ಗ್ರಾಂ ತೂಗಿ ತಂದ ಕಣ್ಣೀರು.

"ಪಾತ್ರೆ ಸಭಾದ್ದು. ಸಭಾಕ್ಕ ಕೊಟ್ಟೀರಿ, ಐದರಾಗೊಂದು ಪಾಲು ಕೂಡಿಸಿ ಕೊಟ್ಟೀರಿ. ಛಲೋ ಆತು. ನನ್ನ ಗಂಡನ ಕಡಿಂದ ಏನ ತಗೊಂಡಿರಿ, ಅದನ್ಯಾವಾಗ ಕೊಡತೀರಿ? ಅದಕ್ಕ ಐದನೇ ಪಾಲು ಎಷ್ಟಾಗತದ, ಕಂಪ್ಯೂಟರಿನ್ಯಾಗ ಹಾಕಿ ನೋಡೀರೇನು?"

"ನೀವು ಕ್ಷಮಿಸಿದ್ದೇನೆ ಅಂತ ಒಂದು ಮಾತು ಹೇಳಿದ್ರೆ—"

"ನಾನ್ಯಾರು ಹೇಳಾಕ? ನಿಮ್ಮ ಕಾಣಿಕಿ ಮೇಜಿನ ಮ್ಯಾಲ ಇರಲಿ. ಮೊದಲು ಹೋಗಿ ಅವರ ಕೂಡ ಮಾತಾಡ್ರಿ. ನೀಲಿ ಕಾರು. ಹನ್ನೊಂದು ವರ್ಷದಿಂದ ಅಲ್ಲೇ ನಿಂತದ."

ಜಯಶೀಲ ಕೈ ಒರೆಸಿಕೊಳ್ಳದೆಯೇ ಹೋದ.

ಅಡುಗೆಮನೆಯ ಕಿಟಕಿಯಿಂದ ಪಾರ್ಕಿಂಗ್ ಕಾಣುತ್ತಿತ್ತು. ಜಯಶೀಲ ಕಾರಿನ ಕಿಟಕಿಗೆ ಬಗ್ಗಿದ. ಗಾಜು ಅರ್ಧ ಇಳಿಯಿತು. ಇಂದುವಿಗೆ ಏನೂ ಕೇಳಿಸಲಿಲ್ಲ, ಬೆನ್ನು ಮಾತ್ರ ಕಾಣುತ್ತಿತ್ತು. ಇವನು ಏನು ಹೇಳುತ್ತಿದ್ದಾನೋ, ನನಗೆ ಹೇಳಿದ್ದನ್ನೇ ಹೇಳುತ್ತಿದ್ದಾನೋ, ಬೇರೆ ಬಣ್ಣ ಹಚ್ಚುತ್ತಿದ್ದಾನೋ. ಆಮೇಲೆ ಆಚೆಯ ಬಾಗಿಲು ತೆರೆಯಿತು, ಜಯಶೀಲ ಒಳಗೆ ಕೂತ. ಒಳಗಿಂದ ಸವಾಲು ಶುರುವಾಗುತ್ತದೆ ಎಂದು, ಪ್ರತಿ ವರ್ಷ ಸವಾಲು ನಡೆಸುವ ಹುಬ್ಬಳ್ಳಿಯ ಕಾಕಾ ಕೂಗಿದರು. ಇಂದು ಅಲ್ಲಾಡಲಿಲ್ಲ. ಕಾರಿನ ವೈಪರು ಒಂದು ಸಲ ಸುಮ್ಮನೆ ಆಡಿ ನಿಂತಿತು. ಅಮರನ ಕೈ ತಾಗಿರಬೇಕು.

ಬಹಳ ಹೊತ್ತಿನ ಮೇಲೆ ಇಬ್ಬರೂ ಇಳಿದರು. ಅವಳು ಹಿಂಬಾಗಿಲಿನಿಂದ ಹೊರಗೆ ಹೋದಳು.

"ನನಗ ಹೇಳಿದಿ, ಆತು," ಅಮರ ಅವನಿಗೆ ಹೇಳುತ್ತಿದ್ದ. "ಬಿಟ್ಟೀನಿ. ಒಳಗ ಹೋಗಿ ಅವರಿಗೂ ಹೇಳು. ಇದ್ದದ್ದು ಇದ್ದಂಗ ಹೇಳು."

"ಆವತ್ತಿದ್ದವರು ನಾಲ್ಕು ಮಂದಿ ಉಳಿದಿದ್ದಾರೆ ಅಷ್ಟೆ, ಅಮರಣ್ಣ."

"ನಾಕು ಮಂದಿಗೆ ಹೇಳು."

ಜಯಶೀಲ ಇಂದುವಿನ ಪಕ್ಕದಿಂದ ಹಾದು ಒಳಗೆ ಹೋದ. ಅಮರ ಕಾರಿಗೆ ಬೀಗ ಹಾಕಿದ. ಹನ್ನೊಂದು ವರ್ಷದಲ್ಲಿ ಈ ಪಾರ್ಕಿಂಗಿನಲ್ಲಿ ಅವನು ಕಾರಿಗೆ ಬೀಗ ಹಾಕಿದ್ದು ಅವಳು ನೋಡಿರಲಿಲ್ಲ.

"ಇಷ್ಟ ಲಗೂ ಬಿಟ್ರಿ?" ಎಂದಳು. "ಎರಡು ಹನಿ ಕಣ್ಣೀರು ಹಾಕಿದ, ನೀವು ಬಿಟ್ರಿ?"

"ಲಗೂ ಎಲ್ಲಿ ಬಂತು," ಎಂದು ಅಮರ ಸಣ್ಣಗೆ ನಕ್ಕ. "ಒಂದು ಹೇಳ್ಲೇನು? ಅವನ ಮ್ಯಾಲಿನ ಸಿಟ್ಟು ನನಗ ಹೋಗಿ ಭಾಳ ದಿನ ಆತು. ಮಂದಿ ಮ್ಯಾಲಿಂದೂ ಹೋಗಿತ್ತು. ಮಂದಿ ಏನರೆ ಅನ್ನಲಿ, ನನ್ನ ಮನಿಯಾಕಿ ಒಂದ ದಿನಾನೂ ಸಂಶೇ ಪಡಲಿಲ್ಲ, ಅಷ್ಟ ಸಾಕು ಅಂತ ಕುಂತಿದ್ದೆ. ನನಗ ನಾನ ಪಾತ್ರೆ ಒಳಗ ಇಟ್ಟೆನೋ ಇಲ್ಲೋ ಅಂತ ಗೊತ್ತಿದ್ದಿಲ್ಲ. ನಿನಗ ಗೊತ್ತಿತ್ತು. ಅದ ಹಿಡಕೊಂಡು ಬದುಕೀನಿ. ನಡಿ, ವೇದಾ ಕಾಯತಿರ್ತಾಳ."

ಅವನು ಬಾಗಿಲಿಗೆ ಕೈ ಹಚ್ಚಿದ.

ಇಂದುವಿಗೆ ಬೇಕಾದದ್ದು ಇದೇ. ಈ ಕೈ ಈ ಬಾಗಿಲಿಗೆ ಹತ್ತಲಿ ಎಂದು ಅವಳು ವರ್ಷಗಟ್ಟಲೆ ಬೇಡಿಕೊಂಡಿದ್ದಳು. ಈಗ ಸುಮ್ಮನಿದ್ದರೆ ಎಲ್ಲ ಸರಿಹೋಗುತ್ತದೆ. ನವೆಂಬರಿನಲ್ಲಿ ಮಗಳ ಎರಡೂ ಪಕ್ಕ ತುಂಬುತ್ತದೆ. ಮಾತಾಡಿದರೆ ಈ ಕೈ ಬಾಗಿಲಿನಿಂದ ಕೆಳಗಿಳಿದು ಮತ್ತೆ ಕಾರಿನ ಕೀಲಿಗೆ ಹೋಗಬಹುದು.

ಒಳಗೆ ಮೈಕು ಗೊರಗುಟ್ಟಿತು. ಜಯಶೀಲನ ದನಿ. "ಹನ್ನೊಂದು ವರ್ಷದ ಹಿಂದೆ ಕಳೆದ ಪಾತ್ರೆ... ನಾನು..." ಜನರ ಗುಜುಗುಜು ನಿಂತಿತು.

"ರೀ, ನಿಲ್ರಿ," ಎಂದಳು ಇಂದು. "ನಾ ಹುಡುಕಿದ್ದೆ."

"ಏನ ಹುಡುಕಿದ್ದಿ?"

"ಪಾತ್ರೆ. ನಮ್ಮ ಮನ್ಯಾಗ."

ಅಮರನ ಕೈ ಬಾಗಿಲ ಮೇಲೇ ಇತ್ತು.

"ಎಲ್ಲಿ?" ಎಂದ.

"ಮೆಟ್ಟಿಲ ಬುಡಕಿನ ಗೂಡಿನ್ಯಾಗ. ನಿಮ್ಮ ಸಾಮಾನಿನ ಪೆಟ್ಟಿಗಿ. ಬೂಟಿನ ಡಬ್ಬಿ."

"ಶೆಡ್?"

"ಶೆಡ್ಡಿನ್ಯಾಗೂ."

"ಬಣ್ಣದ ಡಬ್ಬಿ ಸಾಲು ತಪ್ಪಿದ್ದವು," ಎಂದ ಅಮರ. "ನಾ ಯಾವಾಗ ಸರಿಸಿದೆ ಅಂತ ಯೋಚನಿ ಮಾಡಿದ್ದೆ. ನೆನಪಾಗಲಿಲ್ಲ. ನನಗ ಖರೇನ ನೆನಪು ಹಾರಾಕತ್ತದ ಅನ್ಕೊಂಡೆ. ಹಂಗಿದ್ರ ಪಾತ್ರೆನೂ ನಾನ ಎಲ್ಲೆರೆ ಇಟ್ಟಿರಬೇಕು ಅಂತ."

ಅವಳಿಗೆ ಇದು ಗೊತ್ತಿರಲಿಲ್ಲ. ಗೋಡೆಗೆ ಒರಗಿದಳು. "ಸಿಕ್ರ ನದಿಗೆ ಒಗದು ಬರಬೇಕು ಅಂತ ಮಾಡಿದ್ದೆ. ನಿಮಗ ಹೇಳದನ. ತಪ್ಪಾತು ನಂದು. ಆ ಜಯಶೀಲಂದು ನೋಡ್ಕೋತ ಕುಂತು ನಂದು ಹೇಳಲಿಲ್ಲ."

ಒಳಗೆ ಜಯಶೀಲನ ಮಾತು ಮುಗಿದಿತ್ತು. ಯಾರೋ ಒಬ್ಬರು ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದ್ದು ಕೇಳಿಸಿತು. ಆಮೇಲೆ ಹುಬ್ಬಳ್ಳಿಯ ಕಾಕಾನ ದನಿ, ಬೇಗ ಬೇಗ, ಮೌನ ತನಗೆ ಆಗಿಬರದು ಎಂಬಂತೆ: "ಹಾಂ, ಕುಂಬಳಕಾಯಿ! ಇಂದಕ್ಕನ ಹಿತ್ತಲದ್ದು. ಐದು ಪೌಂಡಿನಿಂದ ಶುರು. ಐದು, ಐದು..."

ಯಾರೂ ಕೂಗಲಿಲ್ಲ.

ಅಮರ ಹೆಂಡತಿಯನ್ನು ನೋಡಿದ. ಬಸ್ಸಿನ ಕನ್ನಡಿಯಲ್ಲಿ ಹಿಂದಿನ ಸೀಟಿನವರನ್ನು ನೋಡುವಂತೆ ಬಹಳ ಹೊತ್ತು ನೋಡಿದ. ಬಾಗಿಲು ತಳ್ಳಿ ಒಳಗೆ ಹೋದ. ಬಾಗಿಲು ಮುಚ್ಚಿಕೊಳ್ಳುವ ಮೊದಲು ಇಂದು ಕಂಡಳು, ವೇದಾ ಎದ್ದು ನಿಂತಿದ್ದಳು. ಅಮರ ಕೂರುವ ಮೊದಲೇ ಕೈಯೆತ್ತಿ ಐದು ಪೌಂಡಿಗೆ ಕೂಗಿದ.

"ಏ ಅಮರ, ಅದು ನಿಮ್ಮ ಮನೀದ ಅಲ್ಲೇನೋ?" ಕಾಕಾ ಕೇಳುತ್ತಿದ್ದರು. "ಕೊಟ್ಟದ್ದನ್ನ ಹೊಳ್ಳಿ ತಗೋಳೂದು ಬರೂದಿಲ್ಲಪಾ."

ಜನ ನಕ್ಕರು. ಇಂದು ಹೊರಗೆ ನಿಂತು ಕೇಳಿಸಿಕೊಂಡಳು.

ಅವಳು ಬಸ್ಸಿನಲ್ಲಿ ಮಾತು ಕೊಟ್ಟದ್ದು ಭಾನುವಾರ. ಮೆಟ್ಟಿಲ ಕೆಳಗಿನ ಗೂಡು ಹುಡುಕಿದ್ದು ಬುಧವಾರ ಮಧ್ಯಾಹ್ನ. ಮಾತು ಮೂರನೆಯ ದಿನವೇ ಮುರಿದಿತ್ತು.